ಸೂತ್ರಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿ

ಒಂದು ಚೆಂಡನ್ನು ನೇರವಾಗಿ ಮೇಲಕ್ಕೆ ಎಸೆದಿದ್ದೀರಿ ಎಂದುಕೊಳ್ಳಿ. ಅದು ನಿಮ್ಮ ಕೈಬಿಟ್ಟಾಗಿದೆ, ಇನ್ನೂ ಮೇಲೇರುತ್ತಿದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಈ ಹೊತ್ತಿನಲ್ಲಿ ಚೆಂಡಿನ ಮೇಲೆ ಯಾವ ಯಾವ ಬಲಗಳಿವೆ?

ಈ ಪ್ರಶ್ನೆಯನ್ನು ಸೈನ್ಸ್ ಓದುವ ಗೆಳೆಯರಿಗೆ ಕೇಳಿ ನೋಡಿ. ಹಲವರು ಎರಡು ಬಲಗಳನ್ನು ಹೇಳುತ್ತಾರೆ: ಕೆಳಕ್ಕೆ ಗುರುತ್ವ, ಮೇಲಕ್ಕೆ ‘ಕೈ ಕೊಟ್ಟ ಬಲ’. ಆ ಕೈಬಲ ಸ್ವಲ್ಪ ಸ್ವಲ್ಪವಾಗಿ ತೀರುತ್ತಾ ಹೋಗಿ, ತುದಿಯಲ್ಲಿ ಎರಡೂ ಸಮವಾಗಿ, ಆಮೇಲೆ ಗುರುತ್ವ ಗೆಲ್ಲುತ್ತದೆ ಎಂಬ ವಿವರಣೆಯೂ ಸಿಗುತ್ತದೆ. ಕೇಳಲು ಚೆನ್ನಾಗಿಯೇ ಇದೆ. ಆದರೆ ಸರಿಯಾದ ಉತ್ತರ ಒಂದೇ ಬಲ, ಗುರುತ್ವ ಮಾತ್ರ. ಚೆಂಡು ಕೈಬಿಟ್ಟ ಕೂಡಲೇ ಕೈಯ ಬಲ ಮುಗಿಯಿತು. ಚೆಂಡು ಏರುತ್ತಿರುವುದು ಅದಕ್ಕೆ ಆಗಲೇ ವೇಗ ಇರುವುದರಿಂದ. ಏರುವಾಗ, ತುದಿಯಲ್ಲಿರುವಾಗ, ಇಳಿಯುವಾಗ ಮೂರು ಸಲವೂ ವೇಗೋತ್ಕರ್ಷ ಒಂದೇ, ಕೆಳಮುಖವಾಗಿ 9.8. ತುದಿಯಲ್ಲಿ ಸೊನ್ನೆಯಾಗುವುದು ವೇಗವೇ ಹೊರತು ವೇಗೋತ್ಕರ್ಷವಲ್ಲ.

ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಎಸೆದ ಚೆಂಡು ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂದು ಅದೇ ಗೆಳೆಯರನ್ನು ಕೇಳಿದರೆ, ಅರ್ಧ ನಿಮಿಷದಲ್ಲಿ 20.4 ಮೀಟರ್ ಎಂದು ಬರೆದುಕೊಡುತ್ತಾರೆ. ಲೆಕ್ಕ ಸರಿ, ತಿಳಿವಳಿಕೆ ತಪ್ಪು. ಮಾರ್ಕ್ಸ್ ಕಾರ್ಡಿನಲ್ಲಿ ಈ ಅಂತರ ಕಾಣುವುದೇ ಇಲ್ಲ. ನಮ್ಮ ಕಾಲೇಜಿನಲ್ಲಿ ಚಲನೆ, ಬಲ, ಶಕ್ತಿಯ ಪಾಠಗಳು ಬೋರ್ಡಿನ ಮೇಲಿನ ಸೂತ್ರದಿಂದ ಶುರುವಾಗಬಾರದು, ವಿದ್ಯಾರ್ಥಿಗಳ ತಲೆಯಲ್ಲಿ ಈಗಾಗಲೇ ಏನಿದೆ ಎಂದು ಕೇಳುವುದರಿಂದ ಶುರುವಾಗಬೇಕು ಎಂಬುದು ದ್ವಿತೀಯ ಪಿಯುಸಿಯ ವಿಜ್ಞಾನ ವಿದ್ಯಾರ್ಥಿಯಾಗಿ ನನ್ನ ಅಭಿಪ್ರಾಯ.

ಈ ತಪ್ಪು ದಡ್ಡತನದಿಂದ ಬಂದದ್ದಲ್ಲ, ಬದುಕೇ ಕಲಿಸಿದ ಪಾಠ. ತಳ್ಳುಗಾಡಿಯನ್ನು ತಳ್ಳುವುದು ಬಿಟ್ಟರೆ ನಿಲ್ಲುತ್ತದೆ. ಪೆಡಲ್ ಬಿಟ್ಟ ಸೈಕಲ್ ನಾಲ್ಕು ಮಾರು ಹೋಗಿ ಸುಸ್ತಾಗುತ್ತದೆ. ಹೀಗೆ ಹದಿನಾರು ವರ್ಷ ನೋಡಿದ ಮೇಲೆ ‘ಚಲಿಸಬೇಕಾದರೆ ಬಲ ಇರಲೇಬೇಕು’ ಎಂದು ನಂಬದಿದ್ದರೇ ಆಶ್ಚರ್ಯ. ಗಾಡಿಯನ್ನು ನಿಲ್ಲಿಸುವ ಘರ್ಷಣೆ ಕಣ್ಣಿಗೆ ಕಾಣುವುದಿಲ್ಲ, ತಳ್ಳುವ ಕೈ ಮಾತ್ರ ಕಾಣುತ್ತದೆ.

ಇದೇ ನಂಬಿಕೆ ದೊಡ್ಡ ದೊಡ್ಡವರಿಗೂ ಇತ್ತು. ಕ್ರಿಸ್ತಪೂರ್ವ 4ನೇ ಶತಮಾನದ ಅರಿಸ್ಟಾಟಲ್ ಕೂಡ, ತಳ್ಳುವವರಿಲ್ಲದೆ ವಸ್ತು ಚಲಿಸದು ಎಂದೇ ವಾದಿಸಿದ. ಹಾಗಾದರೆ ಬಿಟ್ಟ ಬಾಣ ಹೇಗೆ ಹೋಗುತ್ತದೆ ಎಂಬ ಪ್ರಶ್ನೆಗೆ, ಸುತ್ತಲಿನ ಗಾಳಿ ಅದನ್ನು ತಳ್ಳುತ್ತದೆ ಎಂದ. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಫಿಲೋಪೊನಸ್ ಅದನ್ನು ಒಪ್ಪಲಿಲ್ಲ, ಎಸೆಯುವವನೇ ವಸ್ತುವಿಗೆ ಏನನ್ನೋ ಕೊಟ್ಟು ಕಳಿಸುತ್ತಾನೆ ಎಂದ. 11ನೇ ಶತಮಾನದಲ್ಲಿ ಇಬ್ನ್ ಸೀನಾ ಅದನ್ನು ‘ಮೈಲ್’ ಎಂದು ಕರೆದು ಇನ್ನೊಂದು ಹೆಜ್ಜೆ ಮುಂದೆ ಹೋದರು. ಆ ಮೈಲ್ ತಾನಾಗಿಯೇ ತೀರಿಹೋಗುವುದಿಲ್ಲ, ತಡೆ ಎದುರಾದರೆ ಮಾತ್ರ ಕುಂದುತ್ತದೆ ಎಂದರು. ಗೆಲಿಲಿಯೋ ಇಳಿಜಾರು ಹಲಗೆಗಳ ಮೇಲೆ ಗುಂಡುಗಳನ್ನು ಉರುಳಿಸಿ ನೋಡಿದ್ದು, 1687ರಲ್ಲಿ ನ್ಯೂಟನ್ ಮೂರು ನಿಯಮಗಳನ್ನು ಪ್ರಕಟಿಸಿದ್ದು ಅದಕ್ಕೂ ಎಷ್ಟೋ ಕಾಲದ ನಂತರ.

ಈ ಹೆಸರುಗಳನ್ನು ಹೇಳಿದ್ದು ಯಾರು ಮೊದಲು ಕಂಡುಹಿಡಿದರು ಎಂದು ಹೆಮ್ಮೆ ಪಡುವುದಕ್ಕಲ್ಲ. ‘ಕೈಯ ಬಲ ಚೆಂಡಿನೊಳಗೆ ಉಳಿದಿದೆ’ ಎನ್ನುವ ಪ್ರಥಮ ಪಿಯುಸಿಯ ಹುಡುಗಿ ಫಿಲೋಪೊನಸ್, ಇಬ್ನ್ ಸೀನಾ ಯೋಚಿಸಿದ ದಾರಿಯಲ್ಲೇ ಯೋಚಿಸುತ್ತಿದ್ದಾಳೆ. ಮನುಷ್ಯಕುಲಕ್ಕೆ ದಾಟಲು ಸುಮಾರು ಎರಡು ಸಾವಿರ ವರ್ಷ ಹಿಡಿದ ಹೊಳೆಯನ್ನು ಒಂದು ಪೀರಿಯಡ್‌ನಲ್ಲಿ ದಾಟು ಎಂದು ಅವಳಿಗೆ ಹೇಳುತ್ತಿದ್ದೇವೆ. ಅವಳು ದಾಟುವುದಿಲ್ಲ. ಸೂತ್ರವನ್ನು ಬಾಯಿಪಾಠ ಮಾಡಿ ಈಚೆ ದಡದಲ್ಲೇ ಉಳಿಯುತ್ತಾಳೆ.

ಇದು ನಮ್ಮ ಕಾಲೇಜಿನ ಕೊರತೆ ಮಾತ್ರವಲ್ಲ. 1990ರ ಸುಮಾರಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಎಂಬ ಪ್ರಾಧ್ಯಾಪಕರು ಇಂಥ ಸರಳ ಪ್ರಶ್ನೆಗಳ ಪತ್ರಿಕೆಯೊಂದನ್ನು ತಮ್ಮ ವಿದ್ಯಾರ್ಥಿಗಳಿಗೆ ಕೊಟ್ಟರು. ನೀವು ಕಲಿಸಿದಂತೆ ಉತ್ತರಿಸಬೇಕೋ, ನಾನು ನಿಜವಾಗಿ ಯೋಚಿಸುವಂತೆ ಉತ್ತರಿಸಬೇಕೋ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳಂತೆ. ಕಠಿಣ ಲೆಕ್ಕ ಬಿಡಿಸುವವರೂ ಸರಳ ಪ್ರಶ್ನೆಯಲ್ಲಿ ಎಡವಿದ್ದನ್ನು ಕಂಡು ಅವರು ಪಾಠದ ರೀತಿಯನ್ನೇ ಬದಲಿಸಿದರು. ಮೊದಲು ಪ್ರಶ್ನೆ, ನಂತರ ಪ್ರತಿಯೊಬ್ಬರ ಉತ್ತರ, ಪಕ್ಕದವರೊಡನೆ ಚರ್ಚೆ, ಕೊನೆಗೆ ವಿವರಣೆ. 1998ರಲ್ಲಿ ರಿಚರ್ಡ್ ಹೇಕ್ ಎಂಬುವರು 62 ಕೋರ್ಸ್‌ಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶ ಕಲೆಹಾಕಿ ಪ್ರಕಟಿಸಿದರು. ಕೇಳಿಸಿಕೊಳ್ಳುವುದಷ್ಟೇ ಇದ್ದ ತರಗತಿಗಳಿಗಿಂತ ವಿದ್ಯಾರ್ಥಿಗಳು ಯೋಚಿಸಿ, ಮಾತಾಡಿ, ಮಾಡಿ ನೋಡಿದ ತರಗತಿಗಳಲ್ಲಿ ತಿಳಿವಳಿಕೆ ಬೆಳೆದದ್ದು ಸರಾಸರಿ ಎರಡು ಪಟ್ಟು.

ನಮ್ಮಲ್ಲಿ ಇನ್ನೊಂದು ತೊಡಕಿದೆ, ಅದು ಮಾತಿನದು. ಹತ್ತನೇ ತರಗತಿಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿ ಬಂದವರು ಇಲ್ಲಿ ಒಮ್ಮೆಲೇ ಇಂಗ್ಲಿಷ್‌ನಲ್ಲಿ ಫಿಸಿಕ್ಸ್ ಓದುತ್ತಾರೆ. ಮನೆಮಾತಿನಲ್ಲಿ ಬಲ, ಶಕ್ತಿ, ಸಾಮರ್ಥ್ಯ ಮೂರಕ್ಕೂ ‘ತಾಕತ್ತು’ ಎಂಬ ಒಂದೇ ಪದ ಸಾಕು. ಭೌತಶಾಸ್ತ್ರದಲ್ಲಿ ಮೂರೂ ಬೇರೆ ಬೇರೆ, ಅವನ್ನು ಅಳೆಯುವ ಮಾನಗಳೂ ಬೇರೆ: ನ್ಯೂಟನ್, ಜೂಲ್, ವ್ಯಾಟ್. ಈ ವ್ಯತ್ಯಾಸವನ್ನು ನಾವಾಡುವ ಮಾತಿನಲ್ಲೇ ಒಮ್ಮೆ ಬಿಡಿಸಿ ಹೇಳದಿದ್ದರೆ, ಇಂಗ್ಲಿಷ್ ವ್ಯಾಖ್ಯಾನ ಎಷ್ಟು ಸಲ ಬರೆದರೂ ತಲೆಯಲ್ಲಿ ತಾಕತ್ತು ತಾಕತ್ತಾಗಿಯೇ ಉಳಿಯುತ್ತದೆ.

‘ಕೆಲಸ’ ಎಂಬ ಪದವನ್ನೇ ತೆಗೆದುಕೊಳ್ಳಿ. ತಲೆಯ ಮೇಲೆ ಮೂಟೆ ಹೊತ್ತು ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ನಡೆಯುವ ಹಮಾಲಿ ಮೂಟೆಯ ಮೇಲೆ ಮಾಡಿದ ಕೆಲಸ ಸೊನ್ನೆ. ಇದು ಪ್ರತಿ ವರ್ಷ ಕ್ಲಾಸಿನಲ್ಲಿ ಬರುವ ಉದಾಹರಣೆ. ಮೂಟೆ ಹೊತ್ತೇ ಮನೆ ನಡೆಸುವವರ ಮಕ್ಕಳೂ ನಮ್ಮ ಬೆಂಚುಗಳಲ್ಲಿದ್ದಾರೆ. ಆ ಮಾತನ್ನು ಅಷ್ಟಕ್ಕೇ ಬಿಟ್ಟರೆ, ಫಿಸಿಕ್ಸ್ ಎಂದರೆ ಬದುಕಿಗೆ ಸಂಬಂಧವಿಲ್ಲದ ಒಗಟು ಎಂದು ಅವರಿಗೆ ಅನಿಸಿದರೆ ತಪ್ಪೇನು? ಎರಡು ನಿಮಿಷ ಹೆಚ್ಚು ಕೊಟ್ಟರೆ ವಿಷಯ ತಿಳಿಯಾಗುತ್ತದೆ. ಹಮಾಲಿ ಕೊಡುವ ಬಲ ಮೇಲ್ಮುಖ, ಮೂಟೆ ಸಾಗುವುದು ಅಡ್ಡಕ್ಕೆ, ಆದ್ದರಿಂದ ಆ ಬಲದಿಂದ ಮೂಟೆಗೆ ಶಕ್ತಿ ಸೇರಲಿಲ್ಲ. ಆದರೆ ಭಾರ ಹಿಡಿದ ಸ್ನಾಯುಗಳ ಎಳೆಗಳು ಒಳಗೊಳಗೇ ಬಿಗಿಯುತ್ತ ಸಡಿಲಾಗುತ್ತ ಇರುತ್ತವೆ. ಅದಕ್ಕೆ ಉಂಡ ಅನ್ನದ ಶಕ್ತಿ ಖರ್ಚಾಗಿ ಶಾಖವಾಗುತ್ತದೆ, ಮೈ ಬೆವರುತ್ತದೆ. ಅದೇ 50 ಕಿಲೋ ಮೂಟೆಯನ್ನು ನೆಲದಿಂದ ಒಂದೂವರೆ ಮೀಟರ್ ಎತ್ತರದ ಲಾರಿಗೆ ಏರಿಸಿದರೆ 735 ಜೂಲ್ ಕೆಲಸ. ಸೊನ್ನೆ ಎಂದದ್ದು ಮೂಟೆಯ ಲೆಕ್ಕವನ್ನು, ಮನುಷ್ಯನ ಶ್ರಮವನ್ನಲ್ಲ.

ಈ ಪಾಠಗಳು ತಲೆಗೆ ಹೋಗದಿದ್ದರೆ ಮಾರ್ಕಿಗಿಂತ ದೊಡ್ಡ ನಷ್ಟವೂ ಇದೆ. ನಮ್ಮಲ್ಲಿ ಹಲವರು ಬೈಕಿನಲ್ಲೋ ಸ್ಕೂಟರಿನಲ್ಲೋ ಅಣ್ಣನ ಹಿಂದೆ ಕೂತೋ ಬರುತ್ತೇವೆ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂದು ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಅದರ ಅರ್ಥ ಏನು? ಬ್ರೇಕಿನಿಂದ ಪ್ರತಿ ಸೆಕೆಂಡಿಗೆ 5 ಮೀಟರ್‌ನಷ್ಟು ವೇಗ ಕಡಿಮೆಯಾಗುತ್ತದೆ ಎಂದಿಟ್ಟುಕೊಂಡರೆ, ಗಂಟೆಗೆ 30 ಕಿ.ಮೀ. ವೇಗದ ಬೈಕ್ ಬ್ರೇಕ್ ಹಿಡಿದ ಮೇಲೆ ಸುಮಾರು 7 ಮೀಟರಿನಲ್ಲಿ ನಿಲ್ಲುತ್ತದೆ, 60ರಲ್ಲಿದ್ದ ಬೈಕಿಗೆ 28 ಮೀಟರ್ ಬೇಕು. ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ತಡವಾದರೆ ಇನ್ನೂ 17 ಮೀಟರ್ ಸೇರಿಸಿ. ಗಂಟೆಗೆ 60 ಕಿ.ಮೀ. ಎಂದರೆ ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕು ಮಹಡಿಯ ಕಟ್ಟಡದ ತಾರಸಿಯಿಂದ ಬಿದ್ದವರು ನೆಲ ಮುಟ್ಟುವಾಗಿನ ವೇಗ. ತಾರಸಿಯ ಅಂಚಿನಲ್ಲಿ ನಿಲ್ಲಲು ಹೆದರುವವರೂ ಹೆಲ್ಮೆಟ್ ಇಲ್ಲದೆ 60ರಲ್ಲಿ ಹೋಗುತ್ತಾರೆ. ಇದು ಅವರು ಬರೆದ ಸೂತ್ರದಲ್ಲೇ ಇತ್ತು, ಯಾರೂ ಬಿಡಿಸಿ ತೋರಿಸಲಿಲ್ಲ.

‘ಇದೆಲ್ಲ ಸರಿ, ಸಿಲೆಬಸ್ ಮುಗಿಸುವುದು ಯಾವಾಗ?’ ಎಂದು ನಮ್ಮ ಉಪನ್ಯಾಸಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡ್. ಅಭ್ಯಾಸವಿಲ್ಲದೆ ಅದು ಆಗುವ ಮಾತಲ್ಲ, ನ್ಯೂಮರಿಕಲ್ಸ್ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಪ್ರಥಮ ಪಿಯುಸಿಯ ಈ ನಾಲ್ಕೈದು ಅಧ್ಯಾಯಗಳು ಮನೆಯ ಪಂಚಾಂಗವಿದ್ದಂತೆ. ವಿದ್ಯುತ್ ಕ್ಷೇತ್ರದಲ್ಲಿ ಎಲೆಕ್ಟ್ರಾನ್ ಬಾಗುವುದು, ಲೋಲಕ ತೂಗುವುದು, ಉಪಗ್ರಹ ಸುತ್ತುವುದು ಎಲ್ಲವೂ ಇದರ ಮೇಲೆಯೇ ನಿಂತಿವೆ. ಇಲ್ಲಿ ಉಳಿಸಿದ ಹತ್ತು ನಿಮಿಷವನ್ನು ದ್ವಿತೀಯ ಪಿಯುಸಿಯಲ್ಲಿ ಬಡ್ಡಿ ಸಮೇತ ತೀರಿಸುತ್ತಿದ್ದೇವೆ.

ಹಾಗಾಗಿ ನನ್ನ ಕೋರಿಕೆ ಚಿಕ್ಕದು. ಪ್ರತಿ ಹೊಸ ವಿಷಯಕ್ಕೆ ಮೊದಲು ಹತ್ತು ನಿಮಿಷ ಕೊಡಿ. ಒಂದು ಪ್ರಶ್ನೆ ಕೇಳಿ, ಪ್ರತಿಯೊಬ್ಬರೂ ಹೆಸರಿಲ್ಲದ ಚೀಟಿಯಲ್ಲಿ ಉತ್ತರ ಬರೆಯಲಿ, ಪಕ್ಕದವರೊಡನೆ ಕನ್ನಡ, ಉರ್ದು, ಬ್ಯಾರಿ ಯಾವುದರಲ್ಲಾದರೂ ವಾದ ಮಾಡಲಿ. ಆಮೇಲೆ ಮಾಡಿ ತೋರಿಸಿ. ಸಾಮಾನು ದುಬಾರಿಯಲ್ಲ. ಪೌಡರ್ ಹಾಕದ ಕೇರಂ ಬೋರ್ಡಿನಲ್ಲಿ ಒಮ್ಮೆ, ಹಾಕಿ ಒಮ್ಮೆ ಸ್ಟ್ರೈಕರ್ ಹೊಡೆದರೆ ಘರ್ಷಣೆ ಕಡಿಮೆಯಾದಷ್ಟೂ ಅದು ದೂರ ಹೋಗುವುದು ಕಾಣುತ್ತದೆ. ಘರ್ಷಣೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂದು ತರಗತಿಯೇ ಹೇಳುತ್ತದೆ. ಬುಡದಲ್ಲಿ ತೂತು ಮಾಡಿದ ನೀರಿನ ಬಾಟಲಿಯನ್ನು ಮಹಡಿಯಿಂದ ಬಿಡಿ, ಬೀಳುವಷ್ಟು ಹೊತ್ತು ತೂತಿನಿಂದ ನೀರು ಚಿಮ್ಮುವುದಿಲ್ಲ. ಯಾಕೆ ಎಂದು ಆಗ ಯಾರೂ ನಿದ್ದೆಗಣ್ಣಿನಲ್ಲಿ ಕೇಳುವುದಿಲ್ಲ.

ವಿದ್ಯಾರ್ಥಿಗಳಾದ ನಮ್ಮ ಪಾಲೂ ಇದೆ. ‘ಸರ್, ಇದು ಎಕ್ಸಾಮಿಗೆ ಬರುತ್ತಾ?’ ಎಂದು ಕೇಳುವವರು ನಾವೇ. ತಪ್ಪು ಉತ್ತರ ಕೊಟ್ಟವರನ್ನು ನೋಡಿ ನಗುವವರೂ ನಾವೇ. ಆ ನಗುವಿಗೆ ಹೆದರಿ ಹಿಂದಿನ ಬೆಂಚಿನವರು ಬಾಯಿ ತೆರೆಯುವುದಿಲ್ಲ, ಅವರ ತಪ್ಪು ಅವರೊಂದಿಗೇ ಮನೆಗೆ ಹೋಗುತ್ತದೆ. ಉತ್ತರ ತಪ್ಪಾದರೂ ಧೈರ್ಯವಾಗಿ ಹೇಳುವ ತರಗತಿಯನ್ನು ಉಪನ್ಯಾಸಕರು ಒಬ್ಬರೇ ಕಟ್ಟಲಾರರು.

ಕಲಾ, ವಾಣಿಜ್ಯ ವಿಭಾಗದವರೂ ಸೇರಿ ಎಲ್ಲರಿಗೂ ಒಂದು ಪ್ರಶ್ನೆ ಬಿಟ್ಟು ಮುಗಿಸುತ್ತೇನೆ. ಕಿಟಕಿಗಳೆಲ್ಲ ಮುಚ್ಚಿದ ಬಸ್ಸಿನಲ್ಲಿ ಒಂದು ಮಗು ಹೀಲಿಯಂ ಬಲೂನಿನ ದಾರ ಹಿಡಿದು ಕೂತಿದೆ. ಡ್ರೈವರ್ ಗಕ್ಕನೆ ಬ್ರೇಕ್ ಹಾಕುತ್ತಾನೆ. ನಾವೆಲ್ಲ ಮುಂದಕ್ಕೆ ಮುಗ್ಗರಿಸುತ್ತೇವೆ. ಬಲೂನ್ ಯಾವ ಕಡೆ ವಾಲುತ್ತದೆ? ಮೊದಲು ನಿಮ್ಮ ಉತ್ತರವನ್ನು ಚೀಟಿಯಲ್ಲಿ ಬರೆದಿಡಿ, ಪಕ್ಕದವರೊಡನೆ ಜಗಳವಾಡಿ, ಆಮೇಲೆ ಫಿಸಿಕ್ಸ್ ಲ್ಯಾಬಿಗೆ ಬನ್ನಿ.