ಚುಕ್ಕೆ ಎಲ್ಲಿಡುತ್ತೀರಿ? ಯಾರನ್ನು ಕೇಳಿ ಇಡುತ್ತೀರಿ?

ನಕ್ಷೆಯಲ್ಲಿ ಇರುವುದೇ ನಿಜ, ನಕ್ಷೆಯಲ್ಲಿ ಇಲ್ಲದ್ದು ಊರಿನಲ್ಲೂ ಇಲ್ಲ. ಇದು ಇಂದಿನ ಅಧಿಕಾರಶಾಹಿಯ ವೇದವಾಕ್ಯ. ಹಿಂದೆ ಶಾನುಭೋಗರ ಲೆಕ್ಕದ ಪುಸ್ತಕಕ್ಕೆ ಇದ್ದ ಮಹಿಮೆ ಈಗ ಕಂಪ್ಯೂಟರಿನ ಪರದೆಗೆ ಬಂದಿದೆ. ಬೀದಿ ವ್ಯಾಪಾರಿಗಳ ಸಮೀಕ್ಷೆಗೆ ಬರುವವರು ಫೋನು ಹಿಡಿದು, ಗಾಡಿಯ ಫೋಟೋ ತೆಗೆದು, ನಿಂತ ಜಾಗದ ಅಕ್ಷಾಂಶ, ರೇಖಾಂಶಗಳೆಂಬ ಎರಡು ಅಂಕಿಗಳನ್ನು ದಾಖಲಿಸಿಕೊಂಡು ಹೋಗುವ ಪದ್ಧತಿ ಬಂದಿದೆ. ಆ ಅಂಕಿಗಳ ಪಟ್ಟಿ ಕಚೇರಿ ಸೇರುತ್ತದೆ. ಅಲ್ಲಿ ಸಾಲಿಗೊಂದು ಚುಕ್ಕೆಯಾಗಿ ನಕ್ಷೆಯ ಮೇಲೆ ಬೀಳುತ್ತದೆ. ತಳ್ಳುಗಾಡಿಯವನಿಗೆ ಆ ಚುಕ್ಕೆಯೇ ಅನ್ನದ ಜಾಗ. ಅದು ಸರಿಯಾದ ಕಡೆ ಬಿದ್ದಿದೆಯೇ ಎಂದು ಅವನನ್ನು ಕೇಳಿದವರು ಯಾರು?

ನಾವು ಯಂತ್ರದ ವಿರೋಧಿಗಳಲ್ಲ. ಯಂತ್ರವನ್ನು ದೇವರು ಮಾಡುವುದಕ್ಕೆ ಮಾತ್ರ ನಮ್ಮ ವಿರೋಧ. ಕಂಪ್ಯೂಟರಿಗೆ ಊರು ಗೊತ್ತಿಲ್ಲ, ಕೇರಿ ಗೊತ್ತಿಲ್ಲ. ಕೊಟ್ಟ ಅಂಕಿಯನ್ನು ಕೊಟ್ಟಂತೆ ಇಡುವುದಷ್ಟೇ ಅದರ ಕೆಲಸ. ದಾವಣಗೆರೆಯನ್ನೇ ತೆಗೆದುಕೊಳ್ಳಿ. ಅದು ಇರುವುದು ಸುಮಾರು 14 ಡಿಗ್ರಿ 28 ಮಿನಿಟು ಉತ್ತರ ಅಕ್ಷಾಂಶ, 75 ಡಿಗ್ರಿ 55 ಮಿನಿಟು ಪೂರ್ವ ರೇಖಾಂಶದಲ್ಲಿ. ಡಿಗ್ರಿಗೆ 60 ಮಿನಿಟು. ಆದುದರಿಂದ ದಶಮಾಂಶದಲ್ಲಿ ಬರೆದರೆ 14.47 ಮತ್ತು 75.92 ಆಗಬೇಕು. ಗುಮಾಸ್ತನು ಅವಸರದಲ್ಲಿ 14.28, 75.55 ಎಂದು ಬರೆದನೆನ್ನಿ. ಚುಕ್ಕೆ ಸುಮಾರು 45 ಕಿಲೋಮೀಟರು ಸರಿದು ಹೊನ್ನಾಳಿಯ ಆಚೆ ಹೋಗಿ ಬೀಳುತ್ತದೆ. ಎರಡು ಅಂಕಿಗಳನ್ನು ಹಿಂದುಮುಂದು ಮಾಡಿದರೆ ದಾವಣಗೆರೆಯ ಮೆಣಸಿನಕಾಯಿ ಬಜ್ಜಿಯ ಗಾಡಿ ನಾರ್ವೆಗೂ ಉತ್ತರದಲ್ಲಿ, ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಹಿಮಸಮುದ್ರದಲ್ಲಿ ತೇಲುತ್ತದೆ. ಬಿಟ್ಟುಹೋದ ಅಂಕಿಗಳ ಜಾಗದಲ್ಲಿ ಸೊನ್ನೆ ತುಂಬಿದರೆ ಆಫ್ರಿಕದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನಡುನೀರಿಗೆ!

ಇಂಥ ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ನಕ್ಕು ತಿದ್ದಬಹುದು. ಅಪಾಯವಿರುವುದು ಸಣ್ಣ ತಪ್ಪಿನಲ್ಲಿ. ದಶಮಾಂಶದ ಮುಂದೆ ಎರಡೇ ಅಂಕಿ ಉಳಿಸಿದರೆ ಸುಮಾರು ಒಂದು ಕಿಲೋಮೀಟರಿನಷ್ಟು ಒರಟು ಲೆಕ್ಕವಾಯಿತು. ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರು. ಒಂದು ಗಾಡಿಗೂ ಪಕ್ಕದ ಗಾಡಿಗೂ ವ್ಯತ್ಯಾಸ ತೋರಿಸಬೇಕಾದರೆ ಐದು ಅಂಕಿ ಬೇಕು. ಆದರೆ ಕೈಯ ಫೋನು ಬಯಲಿನಲ್ಲಿ ನಿಂತಾಗಲೇ ಕೆಲವು ಮೀಟರು ಆಚೀಚೆ ಹೇಳುತ್ತದೆ, ಎತ್ತರದ ಕಟ್ಟಡಗಳ ನಡುವಿನ ಸಂದಿಯಲ್ಲಿ ಇನ್ನೂ ಹೆಚ್ಚು. ಹತ್ತು ಮೀಟರು ಅತ್ತ ಸರಿದರೆ ನೀವು ವ್ಯಾಪಾರ ವಲಯದಲ್ಲಿದ್ದೀರಿ. ಹತ್ತು ಮೀಟರು ಇತ್ತ ಸರಿದರೆ ನಿಷೇಧಿತ ವಲಯದಲ್ಲಿದ್ದೀರಿ. ಗಾಡಿ ಕದಲಿಲ್ಲ, ಚುಕ್ಕೆ ಕದಲಿತು, ದಂಡ ಗಾಡಿಗೆ.

ಇನ್ನೊಂದು ತೊಡಕೂ ಉಂಟು. ಟಿಪ್ಪು ಬಿದ್ದ ಮೂರೇ ವರ್ಷಕ್ಕೆ, 1802ರಲ್ಲಿ, ಕಂಪನಿಯವರು ಮದರಾಸಿನ ಬಳಿ ಲ್ಯಾಂಬ್ಟನ್ನನ ಸರಪಳಿ ಎಳೆದು ಈ ದೇಶದ ಮಹಾ ಅಳತೆ ಆರಂಭಿಸಿದರು. ಅವನ ನಂತರದ ಎವರೆಸ್ಟನು 1830ರಲ್ಲಿ ಭೂಮಿಯ ಆಕಾರಕ್ಕೆ ಕೊಟ್ಟ ಲೆಕ್ಕದ ಮೇಲೆ ನಮ್ಮ ಹಳೆಯ ನಕ್ಷೆಗಳು ನಿಂತಿವೆ. ಫೋನಿನ ಉಪಗ್ರಹಗಳ ಲೆಕ್ಕ ಬೇರೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರವೇ ಸಾರ್ವಜನಿಕರ ನಕ್ಷೆಗಳನ್ನು ಈ ಹೊಸ ಲೆಕ್ಕಕ್ಕೆ ತಂದದ್ದು. ಹಳೆಯ ನಕ್ಷೆಯ ಮೇಲೆ ಫೋನಿನ ಅಂಕಿಯನ್ನು ಹಾಗೆಯೇ ಇಟ್ಟರೆ ಜಾಗ ನೂರು ಮೀಟರಿಗೂ ಮಿಕ್ಕಿ ತಪ್ಪುತ್ತದೆ. ಯಾವ ಲೆಕ್ಕದ ಅಂಕಿ, ಯಾವ ಲೆಕ್ಕದ ನಕ್ಷೆ ಎಂದು ಕೇಳುವ ಹಕ್ಕು ಜನರಿಗಿದೆ.

ಹಾಗಾದರೆ ಚುಕ್ಕೆಗಳೇ ಬೇಡವೇ? ಬೇಕು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಂದು ಹತ್ತು ದಿನಗಳಲ್ಲಿ 500ಕ್ಕೂ ಮಿಕ್ಕಿ ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ದೊಡ್ಡವರು ನಂಬಿದ್ದ ಕಾಲ. ಜಾನ್ ಸ್ನೋ ಎಂಬ ವೈದ್ಯರು ಸಾವಿನ ದಾಖಲೆಯ ಪಟ್ಟಿ ಹಿಡಿದು ಮನೆಮನೆಗೆ ಹೋಗಿ ವಿಚಾರಿಸಿದರು. ಸಾವುಗಳು ಒಂದು ಬೀದಿಪಂಪಿನ ಸುತ್ತ ನೆರೆದಿದ್ದವು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಲಾಯಿತು. ಸ್ನೋ ತಮ್ಮ ನಕ್ಷೆಯನ್ನು ಮರುವರ್ಷ ಅಚ್ಚು ಹಾಕಿಸಿದರು.

ಆದರೆ ಗಿರಣಿಯ ಸಂಗಾತಿಗಳು ನೆನಪಿಡಬೇಕಾದ ಸಂಗತಿ ಬೇರೆ ಇದೆ. ಅದೇ ಬೀದಿಯಲ್ಲಿ ಬಂದೂಕಿನ ಕೇಪು ಮಾಡುವ ಕಾರ್ಖಾನೆಯೊಂದಿತ್ತು. ಸುಮಾರು 200 ಕೆಲಸಗಾರರು. ಅವರು ಕುಡಿಯಲೆಂದು ಅದೇ ಪಂಪಿನ ನೀರನ್ನು ಎರಡು ತೊಟ್ಟಿಗಳಲ್ಲಿ ತುಂಬಿಡುತ್ತಿದ್ದರು. ಅವರಲ್ಲಿ 18 ಜನ ಸತ್ತರು. ಸತ್ತದ್ದು ಕಾರ್ಖಾನೆಯಲ್ಲಲ್ಲ, ತಮ್ಮ ತಮ್ಮ ಮನೆಗಳಲ್ಲಿ. ಮನೆಯ ವಿಳಾಸಕ್ಕೆ ಚುಕ್ಕೆ ಇಟ್ಟರೆ ಈ 18 ಸಾವುಗಳು ಊರೆಲ್ಲ ಚದುರುತ್ತವೆ, ಕಾರ್ಖಾನೆಯ ತೊಟ್ಟಿ ನಿರಪರಾಧಿಯಾಗಿ ಉಳಿಯುತ್ತದೆ. ಸ್ನೋ ಅವರು ಎಲ್ಲಿ ದುಡಿಯುತ್ತಿದ್ದರು, ಏನು ಕುಡಿಯುತ್ತಿದ್ದರು ಎಂದು ಕೇಳಿದ್ದರಿಂದ ನಿಜ ಹೊರಬಿತ್ತು. ಹತ್ತಿಯ ಧೂಳು ನುಂಗಿ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗ ಹಿಡಿದ ಕಾರ್ಮಿಕನನ್ನು ಆಸ್ಪತ್ರೆಯ ಪಟ್ಟಿ ಮನೆಯ ವಿಳಾಸಕ್ಕೆ ಕಟ್ಟಿದರೆ, ಅಲ್ಲಿಯೂ ಇದೇ ಮೋಸ ನಡೆಯುತ್ತದೆ. ನಾಲ್ಕು ಕೇರಿಗಳಲ್ಲಿ ನಾಲ್ಕು ಕೆಮ್ಮು ಕಾಣುತ್ತದೆ. ಒಂದೇ ಕಾರ್ಡಿಂಗ್ ಖಾತೆ ಕಾಣುವುದಿಲ್ಲ.

ನಕ್ಷೆ ಎಂದರೆ ಎತ್ತಂಗಡಿಯ ಮುನ್ಸೂಚನೆ, ಅಂಕಿ ಕೊಡಲೇಬೇಡಿ ಎನ್ನುವ ಮಿತ್ರರಿದ್ದಾರೆ. ಅವರ ಭಯ ನಮಗೆ ಅರ್ಥವಾಗುತ್ತದೆ. ಆದರೆ ಪಟ್ಟಿಯಲ್ಲಿ ಇಲ್ಲದವನನ್ನು ಎತ್ತುವುದು ಇನ್ನೂ ಸುಲಭ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಈ ಪ್ರತಿನಿಧಿಗಳು ಸಭೆಯಲ್ಲಿ ಕಾಫಿ ಕುಡಿದು ಸಹಿ ಹಾಕಿ ಬಂದರೆ ಸಾಲದು. ನಕ್ಷೆಯನ್ನು ಬಿಚ್ಚಿ ಹಾಸಿ ಎನ್ನಬೇಕು.

ನಮ್ಮ ಬೇಡಿಕೆ ಮೂರೇ. ಒಂದು, ನಕ್ಷೆ ಅಂತಿಮವಾಗುವ ಮೊದಲು ಪಟ್ಟಿಯನ್ನೂ ನಕ್ಷೆಯನ್ನೂ ಕನ್ನಡದಲ್ಲಿ ವಾರ್ಡುವಾರ್ಡಿಗೆ ತೂಗುಹಾಕಬೇಕು. ಹೆಸರು, ಫೋನ್ ನಂಬರು ಬೇಡ, ಕ್ರಮಸಂಖ್ಯೆ ಸಾಕು. ಸಾಲಗಾರರಿಗೂ ಮಾಮೂಲಿ ವಸೂಲಿಗಾರರಿಗೂ ನಾವು ದಾರಿ ತೋರಿಸಬೇಕಾಗಿಲ್ಲ. ಎರಡು, ತಕರಾರು ಬಂದ ಚುಕ್ಕೆಯನ್ನು ಸ್ಥಳಕ್ಕೆ ಹೋಗಿ, ಅಕ್ಕಪಕ್ಕದವರ ಎದುರಿಗೆ ತಿದ್ದಬೇಕು. ಮೂರು, ರೋಗದ ಪಟ್ಟಿಯಲ್ಲಿ ಮನೆಯ ಜೊತೆಗೆ ದುಡಿಯುವ ಜಾಗವನ್ನೂ ಬರೆಯಬೇಕು.

ಪಟ್ಟಿಯನ್ನು ನಕ್ಷೆಗೆ ಇಳಿಸುವ ವಿದ್ಯೆ ಇಂದು ಗುಟ್ಟಾಗಿ ಉಳಿದಿಲ್ಲ. ಕ್ಯೂಜಿಐಎಸ್ ಎಂಬ ತಂತ್ರಾಂಶ ಬಿಟ್ಟಿ ಸಿಗುತ್ತದೆ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಜನರೇ ಬರೆದ ನಕ್ಷೆ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಒಂದು ಭಾನುವಾರ ಕೂತರೆ ಕಲಿಯಬಲ್ಲರು. ಸಂಘದ ಕೋಣೆಯಲ್ಲಿ ನಮ್ಮದೇ ಪಟ್ಟಿ, ನಮ್ಮದೇ ನಕ್ಷೆ ಇರಲಿ. ಕಚೇರಿಯ ನಕ್ಷೆ ಹೊರಬಿದ್ದ ದಿನ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡೋಣ. ತಪ್ಪಿದ ಚುಕ್ಕೆಯ ಮೇಲೆ ಬೆರಳಿಟ್ಟು ಕೇಳೋಣ.