ಮುಳುಗಿ ಏಳುವ ಚರ್ಚು ಇನ್ನೆಷ್ಟು ಮಳೆಗಾಲ ನಿಂತೀತು?

ನಮ್ಮ ಹುತ್ತೂರು ಕಡೆ ಕೆರೆಗೆ ನೀರು ಬಂತು ಅಂದರೆ ಹಬ್ಬ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರಕ್ಕೆ ಬಂದಾಗ, ಅದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು ಅಂತ ಗೊತ್ತಿದ್ದೂ ಜನ ಕಟ್ಟೆ ಮೇಲೆ ನಿಂತು ನೋಡಿದರು. ನೀರು ಬಂದರೆ ಊರು ಉಳಿಯುತ್ತೆ ಅನ್ನೋದು ನಮ್ಮ ಲೆಕ್ಕ. ನೀರು ಬಂದದ್ದಕ್ಕೇ ಊರು ಬಿಟ್ಟವರೂ ಇದ್ದಾರೆ ಅನ್ನೋದು ನನಗೆ ನಾಟಿದ್ದು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ.

ಹಾಸನದಿಂದ ಸುಮಾರು 20 ಕಿ.ಮೀ. ದೂರದಲ್ಲಿ ಹೇಮಾವತಿ ಹಿನ್ನೀರಿನ ದಡದಲ್ಲಿ ರೋಸರಿ ಚರ್ಚಿದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ, 1979ರಲ್ಲಿ ಅದು ಮುಗಿಯಿತು. ಸುತ್ತಲಿನ ಹಳ್ಳಿಯವರು ಮನೆ, ಹೊಲ ಬಿಟ್ಟು ಬೇರೆ ಕಡೆ ಹೋದರು. ಚರ್ಚು ಮಾತ್ರ ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಕಾಣುತ್ತದೆ.

ಈಗ ಅದು ಫೋಟೋ ಜಾಗ. ಮದುವೆ ಜೋಡಿಗಳು ಬರುತ್ತಾರೆ, ರೀಲ್ಸ್ ಮಾಡುವವರು ಬರುತ್ತಾರೆ. ನಾನು ಹೋದ ದಿನ ಗೋಡೆ ತುಂಬ ಕೆತ್ತಿದ ಹೆಸರುಗಳು, ಕೆಳಗೆ ಒಡೆದ ಬಾಟಲಿಗಳು. ಚಾವಣಿ ಎಂದೋ ಹೋಗಿದೆ. ಗೋಡೆಯೂ ಅಲ್ಲಲ್ಲಿ ಕುಸಿದಿದೆ. ವರ್ಷ ವರ್ಷ ನೀರಲ್ಲಿ ನೆನೆದು ಬಿಸಿಲಿಗೆ ಒಣಗಿದರೆ ಯಾವ ಗಾರೆ ತಡೆದೀತು?

"ಪಾಳು ಬಿದ್ದಿದ್ದೇ ಚೆಂದ, ಹಾಗೇ ಬಿಡಿ" ಅನ್ನುವವರಿದ್ದಾರೆ. "ಬಡವರಿಗೆ ಮನೆಯಿಲ್ಲ, ಹಳೇ ಗೋಡೆಗೆ ಯಾಕೆ ದುಡ್ಡು" ಅನ್ನುವವರೂ ಇದ್ದಾರೆ. ಎರಡನೇ ಮಾತನ್ನು ನಾನು ಹಗುರವಾಗಿ ತಗೊಳ್ಳಲ್ಲ. ಆದರೆ ಹೇಮಾವತಿ ನೀರಿನಿಂದ ಹಾಸನ, ಮಂಡ್ಯ, ತುಮಕೂರಿನ ಹೊಲ ಹಸಿರಾಗಿದೆ. ಅದಕ್ಕಾಗಿ ಊರು ಕೊಟ್ಟವರಿಗೆ ಕಣ್ಣೆದುರು ಉಳಿದಿರುವ ಗುರುತು ಇದೊಂದೇ. ಅದು ಬಿದ್ದರೆ ಅಲ್ಲಿ ಊರಿತ್ತು ಅಂತ ಹೇಳೋಕೆ ಏನುಳಿಯುತ್ತದೆ?

ಮತ್ತೆ ಪೂಜೆ ನಡೆಯುವ ಹಾಗೆ ಕಟ್ಟಿ ಅಂತ ನಾನು ಕೇಳುತ್ತಿಲ್ಲ, ಅದು ಆಗುವ ಮಾತಲ್ಲ. ನಿಂತಿರುವ ಗೋಡೆ ಬೀಳದಂತೆ ಭದ್ರ ಮಾಡಲಿ. ಕೆಲಸಕ್ಕೆ ಸಿಗುವುದು ನೀರಿಳಿದ ಕೆಲವೇ ತಿಂಗಳು, ಆದ್ದರಿಂದ ತಯಾರಿ ಮಳೆಗಾಲದಲ್ಲೇ ಆಗಬೇಕು. ಗೋಡೆ ಬುಡದಲ್ಲಿ ಜನ ನಿಲ್ಲದಂತೆ ಬೇಲಿ ಹಾಕಲಿ, ಒಬ್ಬ ಕಾವಲುಗಾರನನ್ನು ಇಡಲಿ. ಆ ಊರಲ್ಲಿ ಬಾಳಿದ ಹಿರಿಯರು ಇರುವಾಗಲೇ ಅವರ ಮಾತನ್ನು ರೆಕಾರ್ಡ್ ಮಾಡಿಡಲಿ. ನೂರು ವರ್ಷ ದಾಟಿದ ಕಟ್ಟಡವನ್ನು ರಕ್ಷಿಸಲು ರಾಜ್ಯಕ್ಕೆ 1961ರ ಕಾಯ್ದೆ ಇದೆ. ಇದಕ್ಕೆ ನೂರೈವತ್ತು ದಾಟಿದೆ.

ಇದು ಹಾಸನದವರ ಸಮಸ್ಯೆ, ನಮಗೇನು ಅನ್ನಬೇಡಿ. 2001ರಲ್ಲಿ ಕೆ.ಜಿ.ಎಫ್. ಗಣಿ ಮುಚ್ಚಿದ ಮೇಲೆ ಅಲ್ಲಿನ ಕಟ್ಟಡಗಳ ಗತಿ ನಾವೇ ನೋಡಿದ್ದೇವೆ. ನಿಮ್ಮೂರಲ್ಲೂ ಒಂದು ಹಳೇ ಮಂಟಪವೋ, ಚಾವಡಿಯೋ, ಕಲ್ಯಾಣಿಯೋ ಇರುತ್ತದೆ. ಎಲ್ಲರದ್ದೂ ಅಂತ ಯಾರೂ ಮುಟ್ಟದೆ ಬಿದ್ದುಹೋಗುತ್ತಿರುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ಇದು ಯಾರ ಜವಾಬ್ದಾರಿ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಲ್ಲಿ ಬಿಟ್ಟರೆ ಮುಂದಿನ ಮಳೆಗೆ ಅದೂ ಕೊಚ್ಚಿಹೋಗುತ್ತೆ.