ಅಪ್ಪಣೆ ಬೇರೆ, ಹೊರೆ ಬೇರೆ

ಚೌತಿಗೆ ಇನ್ನೂ ಎರಡು ತಿಂಗಳಿರುವಾಗಲೇ ಕಾರವಾರ, ಅಂಕೋಲೆಗಳ ಮನೆಗಳಲ್ಲಿ ಗಣಪತಿಯ ಮಂಟಪದ ಮಾತು ಮೊದಲಾಗುತ್ತದೆ. ಮರದ ಕೆತ್ತನೆ ಈ ಜಿಲ್ಲೆಗೆ ಹೊಸದಲ್ಲ. ಶಿರಸಿ, ಸಿದ್ಧಾಪುರ, ಕುಮಟೆ, ಹೊನ್ನಾವರಗಳ ಗುಡಿಗಾರರು ಗಂಧದ ಕೊರಡಿನಲ್ಲಿ ಬಳ್ಳಿ, ಹೂವು, ದೇವತೆಗಳನ್ನು ಮೂಡಿಸಿ ಹೆಸರಾದವರು. ಆ ಕೈಚಳಕ ಎಲ್ಲರಿಗೂ ಒಲಿಯುವಂಥದಲ್ಲ. ಒಲಿಯದವರಿಗೆ ಈಗ ಇನ್ನೊಂದು ದಾರಿ ತೆರೆದಿದೆ. ಗಣಕಯಂತ್ರದಲ್ಲಿ ಬರೆದ ಚಿತ್ರವನ್ನು ತೆಳು ಹಲಗೆಯ ಮೇಲೆ ತಾನೇ ಕೊರೆದುಕೊಡುವ, ಮೇಜಿನ ಮೇಲೆ ಹಿಡಿಸುವ ಪುಟ್ಟ ಸಿ.ಎನ್.ಸಿ. ಯಂತ್ರವೇ ಆ ದಾರಿ.

ಇಂಥ ಯಂತ್ರಗಳ ಪೂರ್ವಜ ೧೯೫೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರದರ್ಶಿತವಾಯಿತು. ಅಂದು ಅದರ ನಿಯಂತ್ರಣಕ್ಕೆ ನಿರ್ವಾತ ಕೊಳವೆಗಳಿಂದ ತುಂಬಿದ ದೊಡ್ಡ ಕಪಾಟೇ ಬೇಕಾಗಿತ್ತು. ೨೦೦೫ರಲ್ಲಿ ಇಟಲಿಯ ಇವ್ರೇಯಾದಲ್ಲಿ ಹುಟ್ಟಿದ ಆರ್ಡುಯಿನೋ ಬೋರ್ಡು, ೨೦೦೯ರಲ್ಲಿ ನಾರ್ವೆಯಲ್ಲಿ ಹುಟ್ಟಿ ಎಲ್ಲರಿಗೂ ಉಚಿತವಾಗಿ ದೊರೆತ ಗರ್ಬಲ್ ಎಂಬ ತಂತ್ರಾಂಶ, ಇವೆರಡೂ ಕೂಡಿ ಆ ಕಪಾಟನ್ನು ಅಂಗೈಯಗಲದ ಹಲಗೆಗೆ ಇಳಿಸಿವೆ. ಯಂತ್ರದ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೆ ಬರುತ್ತವೆ. ಕಂಬಿ, ಸ್ಕ್ರೂಗಳನ್ನು ಮಕ್ಕಳೇ ಒಂದು ಭಾನುವಾರದಲ್ಲಿ ಜೋಡಿಸಿಬಿಡುತ್ತಾರೆ. ನಿಜವಾದ ಕೆಲಸ ಆರಂಭವಾಗುವುದು ತಂತಿಗಳನ್ನು ಕೈಗೆತ್ತಿಕೊಂಡಾಗ. ಅಲ್ಲಿ ಆಗುವ ತಪ್ಪಿಗೆ ಬೋರ್ಡು ಸುಡಬಹುದು, ಬೆರಳು ಹೋಗಬಹುದು, ಪ್ರಾಣಕ್ಕೂ ಸಂಚಕಾರ ಬರಬಹುದು.

ಈ ಕೆಲಸಕ್ಕೆ ಕೈಹಾಕುವವರು ಮೊದಲು ತಿಳಿಯಬೇಕಾದ ಸೂತ್ರ ಒಂದೇ: ಬೋರ್ಡು ಅಪ್ಪಣೆ ಕೊಡುತ್ತದೆ, ಹೊರೆ ಹೊರುವುದಿಲ್ಲ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ ೨೨೦ ಮೆಗಾವಾಟ್ ಸಾಮರ್ಥ್ಯದ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. ಅಂಥ ಸ್ಥಾವರದ ನಿಯಂತ್ರಣ ಕೊಠಡಿಯಲ್ಲಿ ಕುಳಿತವನು ಹಿಡಿಯೊಂದನ್ನು ತಿರುಗಿಸಿದಾಗ ಊರೂರಿಗೆ ಹರಿಯುವ ವಿದ್ಯುತ್ತೆಲ್ಲ ಅವನ ಕೈಯಡಿಯಲ್ಲಿ ಹಾಯುವುದಿಲ್ಲ. ಅಲ್ಲಿ ಹಾಯುವುದು ಒಂದು ಸಣ್ಣ ಸಂಕೇತ ಮಾತ್ರ. ಹೊರಗಿನ ಅಂಗಳದಲ್ಲಿರುವ ಭಾರಿ ಬ್ರೇಕರು ಅದರಂತೆ ನಡೆದು, ಹೊರೆಯನ್ನು ತಾನು ಹೊರುತ್ತದೆ. ಮೇಜಿನ ಮೇಲಿನ ಯಂತ್ರದಲ್ಲಿಯೂ ನ್ಯಾಯ ಇದೇ. ಆರ್ಡುಯಿನೋ ಯೂನೋ ಬೋರ್ಡಿನ ಒಂದೊಂದು ಹೊರದಾರಿಯೂ ನಿರಾಯಾಸವಾಗಿ ಕೊಡಬಲ್ಲದ್ದು ೫ ವೋಲ್ಟಿನಲ್ಲಿ ೨೦ ಮಿಲಿ ಆಂಪಿಯರ್. ೪೦ ದಾಟಿದರೆ ಅದು ಕೆಟ್ಟಿತೆಂದೇ ತಿಳಿಯಬೇಕು. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರು ಬೇಡುವುದಾದರೋ ಒಂದೂವರೆ ಆಂಪಿಯರಿನಷ್ಟು, ಎಂದರೆ ಎಪ್ಪತ್ತೈದು ಪಾಲು ಹೆಚ್ಚು. ಆದುದರಿಂದಲೇ ಇವೆರಡರ ನಡುವೆ ಡ್ರೈವರ್ ಎಂಬ ಚಿಕ್ಕ ಹಲಗೆಯಿರುತ್ತದೆ. ಅಪ್ಪಣೆ ಬೋರ್ಡಿನದು, ಹೊರೆ ಡ್ರೈವರಿನದು.

ಹೀಗಿರಲು, ಯಂತ್ರದೊಳಗೆ ಮೂರು ಬಗೆಯ ವಿದ್ಯುತ್ತು ಇರುವುದೆಂಬುದನ್ನು ಮರೆಯಲಾಗದು. ಬೋರ್ಡಿನ ಬುದ್ಧಿಗೆ ೫ ವೋಲ್ಟ್. ಇದು ಗಣಕಯಂತ್ರದ ಯು.ಎಸ್.ಬಿ. ತಂತಿಯಿಂದಲೇ ದೊರೆಯುತ್ತದೆ. ಮೋಟಾರುಗಳಿಗೆ ಸಾಮಾನ್ಯವಾಗಿ ೨೪ ವೋಲ್ಟ್; ಇದಕ್ಕೆ ಪ್ರತ್ಯೇಕವಾದ ಪವರ್ ಸಪ್ಲೈ ಬೇಕು. ಆ ಸಪ್ಲೈಗೆ ಗೋಡೆಯಿಂದ ಬರುವುದು ೨೩೦ ವೋಲ್ಟ್. ೨೪ ವೋಲ್ಟಿನ ತಂತಿ ತಪ್ಪಿ ೫ ವೋಲ್ಟಿನ ಕೊಂಡಿಗೆ ತಗುಲಿದರೆ ಬೋರ್ಡು ಸಾಯುತ್ತದೆ. ಜತೆಗೆ ಗಣಕಯಂತ್ರಕ್ಕೂ ಪೆಟ್ಟು ಬೀಳಬಹುದು. ಆದಕಾರಣ ಸಪ್ಲೈಯನ್ನು ಬೋರ್ಡಿಗೆ ಸೇರಿಸುವ ಮೊದಲು ಒಂಟಿಯಾಗಿ ಹಚ್ಚಿ, ಧನ ಯಾವುದು, ಋಣ ಯಾವುದು, ವೋಲ್ಟ್ ಎಷ್ಟು ಎಂಬುದನ್ನು ಮಲ್ಟಿಮೀಟರಿನಿಂದ ನೋಡಿಕೊಳ್ಳಬೇಕು. ತಂತಿಯ ಬಣ್ಣವನ್ನು ನಂಬಿ ಕುಳಿತವರು ಮೋಸಹೋಗಿದ್ದಾರೆ.

ಸ್ಟೆಪ್ಪರ್ ಮೋಟಾರಿನಿಂದ ಹೊರಡುವ ನಾಲ್ಕು ತಂತಿಗಳು ಎರಡು ಸುರುಳಿಗಳ ತುದಿಗಳು. ಯಾವ ಎರಡು ಜೋಡಿ ಎಂಬುದನ್ನರಿಯಲು ಸುಲಭದ ಉಪಾಯವಿದೆ. ಮೋಟಾರನ್ನು ಎಲ್ಲಿಗೂ ಜೋಡಿಸದೆ, ಎರಡು ತಂತಿಗಳ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ ಕೈಯಿಂದ ಅಚ್ಚನ್ನು ತಿರುಗಿಸಬೇಕು. ಅಚ್ಚು ಬಿಗಿಯಾಯಿತೆಂದರೆ ಅವೆರಡೂ ಒಂದೇ ಸುರುಳಿಯವು. ಇನ್ನೊಂದು ನಿಯಮ ಕಟ್ಟುನಿಟ್ಟಿನದು: ವಿದ್ಯುತ್ತು ಹರಿಯುತ್ತಿರುವಾಗ ಮೋಟಾರಿನ ತಂತಿಯನ್ನು ಕೀಳಕೂಡದು, ಸೇರಿಸಲೂ ಕೂಡದು. ಆ ಒಂದು ಕ್ಷಣದಲ್ಲಿ ಏಳುವ ಒತ್ತಡಕ್ಕೆ ಡ್ರೈವರು ಬಲಿಯಾಗುತ್ತದೆ.

ಕೊರೆಯುವ ಅಲಗನ್ನು ತಿರುಗಿಸುವ ಸ್ಪಿಂಡಲ್ ಮೋಟಾರು ಇನ್ನೂ ದೊಡ್ಡ ಹೊರೆ. ಅದನ್ನು ಬೋರ್ಡಿನ ಹೊರದಾರಿಗೆ ನೇರವಾಗಿ ಕಟ್ಟುವುದೆಂದರೆ ಆನೆಯ ಹೊರೆಯನ್ನು ಆಡಿಗೆ ಹೊರಿಸಿದಂತೆ. ನಡುವೆ ರಿಲೇ ಇರಬೇಕು. ರಿಲೇಯ ಸುರುಳಿಗೂ ಸುಮಾರು ೭೦ ಮಿಲಿ ಆಂಪಿಯರ್ ಬೇಕಾಗುವುದರಿಂದ, ಟ್ರಾನ್ಸಿಸ್ಟರನ್ನು ಒಳಗೊಂಡ ಸಿದ್ಧ ರಿಲೇ ಹಲಗೆಯನ್ನು ಕೊಳ್ಳುವುದೇ ಲೇಸು. ಸುರುಳಿಯ ವಿದ್ಯುತ್ತು ನಿಂತೊಡನೆ ಅದರ ಕಾಂತಕ್ಷೇತ್ರ ಕುಸಿದು, ವಿರುದ್ಧ ದಿಕ್ಕಿನ ದೊಡ್ಡ ಒತ್ತಡವನ್ನು ಎಬ್ಬಿಸುತ್ತದೆ. ಅದಕ್ಕೆ ಹರಿದುಹೋಗಲು ದಾರಿ ಮಾಡಿಕೊಡುವುದು ಸುರುಳಿಗೆ ಅಡ್ಡಲಾಗಿ ಕೂಡಿಸಿದ ಒಂದು ಡಯೋಡ್. ಗೆರೆಯುಳ್ಳ ಅದರ ತುದಿ ಧನದ ಕಡೆಗೇ ಇರತಕ್ಕದ್ದು. ಕೆಲವು ರಿಲೇ ಹಲಗೆಗಳ ರೀತಿ ತಲೆಕೆಳಗು. ಸಂಕೇತ ಇಲ್ಲದಾಗಲೇ ಅವು ಹೊತ್ತಿಕೊಳ್ಳುತ್ತವೆ. ಆದ್ದರಿಂದ ಮೊದಲ ಪರೀಕ್ಷೆಗೆ ಸ್ಪಿಂಡಲಿನ ಸ್ಥಾನದಲ್ಲಿ ಒಂದು ಚಿಕ್ಕ ಬಲ್ಬನ್ನು ಕಟ್ಟಿ ನೋಡುವುದು ಜಾಣತನ. ಅಕಾಲದಲ್ಲಿ ಬಲ್ಬು ಬೆಳಗಿದರೆ ನಗಬಹುದು; ಅಕಾಲದಲ್ಲಿ ಅಲಗು ತಿರುಗಿದರೆ ನಗುವಂತಿಲ್ಲ.

ಮನೆಗೆ ಇಂಥದೊಂದು ಯಂತ್ರ ಬಂದಾಗ ಮೊಮ್ಮಕ್ಕಳೆಲ್ಲ ಅದು ನಡೆಯುವುದನ್ನು ನೋಡಲು ಕಾತರರಾಗಿರುತ್ತಾರೆ. ಅಜ್ಜಿಯೊಬ್ಬಳೇ, “ಇದನ್ನು ನಿಲ್ಲಿಸುವುದು ಹೇಗೆ, ತಮಾ?” ಎಂದು ಕೇಳುವವಳು. ಎಲ್ಲ ಪ್ರಶ್ನೆಗಳಲ್ಲಿ ಇದೇ ಹಿರಿದು. ಗಣಕಯಂತ್ರದ ತೆರೆಯ ಮೇಲೆ ನಿಲ್ಲಿಸುವ ಗುಂಡಿಯೊಂದು ಇರುವುದು ನಿಜ. ಆದರೆ ತಂತ್ರಾಂಶ ಸಿಕ್ಕಿಕೊಂಡ ಗಳಿಗೆಯಲ್ಲಿ ಆ ಗುಂಡಿ ಬರಿಯ ಚಿತ್ರ. ಅಣಬೆಯಾಕಾರದ ಕೆಂಪು ಗುಂಡಿಯೊಂದು ಕೈಗೆಟಕುವಲ್ಲಿಯೇ ಇದ್ದು, ಒತ್ತಿದೊಡನೆ ೨೪ ವೋಲ್ಟಿನ ದಾರಿಯನ್ನೂ ಸ್ಪಿಂಡಲಿನ ದಾರಿಯನ್ನೂ ಒಟ್ಟಿಗೆ ಕಡಿಯಬೇಕು. ಅದು ಬೋರ್ಡನ್ನು ಬೇಡಿಕೊಳ್ಳುವಂತಿರಬಾರದು.

೧೯೯೮ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲುಮಾರ್ಗದಲ್ಲಿ ಕಾರವಾರ, ಅಂಕೋಲೆಗಳನ್ನು ಹಾದುಹೋಗುವ ಗಾಡಿಗಳು ಇದೇ ಪಾಠವನ್ನು ಹೇಳುತ್ತವೆ. ಗಾಡಿಯ ಉದ್ದಕ್ಕೂ ಇರುವ ಕೊಳವೆಯಲ್ಲಿ ಗಾಳಿಯ ಒತ್ತಡವಿರುವ ತನಕ ಮಾತ್ರ ಬ್ರೇಕು ಸಡಿಲವಾಗಿರುತ್ತದೆ. ಕೊಳವೆ ಎಲ್ಲಿಯಾದರೂ ಹರಿದರೆ ಒತ್ತಡವಿಳಿದು ಬ್ರೇಕು ತಾನಾಗಿ ಹಿಡಿಯುತ್ತದೆ. ಯಂತ್ರದ ಕೆಂಪು ಗುಂಡಿಯನ್ನೂ, ಕಂಬಿಯ ಕೊನೆಗಳಲ್ಲಿರುವ ಲಿಮಿಟ್ ಸ್ವಿಚ್ಚುಗಳನ್ನೂ ಅದೇ ಬಗೆಯಲ್ಲಿ ಕಟ್ಟುವುದುಂಟು. ಎಂದಿನ ಸ್ಥಿತಿಯಲ್ಲಿ ಅವು ಮುಚ್ಚಿದ್ದು ಸಂಕೇತ ಹರಿಯುತ್ತಿರಬೇಕು. ಒತ್ತಿದರೂ, ಇಲಿ ಕಡಿದು ತಂತಿ ತುಂಡಾದರೂ, ಯಂತ್ರ ನಿಲ್ಲಬೇಕು. ಸ್ವಿಚ್ಚುಗಳನ್ನು ಹೀಗೆ ಕಟ್ಟಿದ ಸಂಗತಿಯನ್ನು ತಂತ್ರಾಂಶಕ್ಕೂ ತಿಳಿಸುವುದು ಅವಶ್ಯ. ಮಳೆಗಾಲದಲ್ಲಿ ಹೋಗಿ ಬರುವ ಕರೆಂಟಿನದು ಇನ್ನೊಂದು ಅಪಾಯ. ತೋಟದ ಪಂಪುಸೆಟ್ಟಿನ ಸ್ಟಾರ್ಟರಿನಂತೆ ಹಸಿರು ಗುಂಡಿಯನ್ನು ಮತ್ತೆ ಒತ್ತಿದ ಹೊರತು ಹೊರಡದ ಕಾಂಟ್ಯಾಕ್ಟರು ಇದ್ದರೆ, ಯಾರೂ ಇಲ್ಲದ ಕೋಣೆಯಲ್ಲಿ ಅಲಗು ಒಮ್ಮೆಲೇ ತಿರುಗತೊಡಗುವ ಭಯವಿಲ್ಲ.

ಕರಾವಳಿಯಲ್ಲಿ ಇವೆಲ್ಲಕ್ಕೂ ಮಿಗಿಲಾದ ಶತ್ರು ಉಪ್ಪುಗಾಳಿ. ಸುಮಾರು ೩೦೦೦ ಮಿಲಿಮೀಟರ್ ಮಳೆ ಸುರಿಯುವ ಈ ತೀರದಲ್ಲಿ ತಾಮ್ರಕ್ಕೆ ಕಿಲುಬು ಹಿಡಿಯಲು ಬಹಳ ಕಾಲ ಬೇಕಿಲ್ಲ. ಕಿಲುಬು ಹಿಡಿದ ಇಲ್ಲವೆ ಸಡಿಲವಾದ ಕೂಡಿಕೆಯಲ್ಲಿ ಒಂದು ಓಮಿನ ಹತ್ತನೆಯ ಒಂದು ಪಾಲು ತಡೆಯುಂಟಾದರೂ, ೧೦ ಆಂಪಿಯರ್ ಹರಿಯುವಾಗ ಆ ಒಂದು ಬಿಂದುವಿನಲ್ಲಿಯೇ ೧೦ ವಾಟಿನ ಕಾವು ಏಳುತ್ತದೆ. ಪ್ಲಾಸ್ಟಿಕ್ ಕೊಂಡಿ ಕರಗಲು ಅಷ್ಟು ಸಾಕು. ಎಳೆತಂತಿಯ ತುದಿಗೆ ಬೆಸುಗೆ ಹಾಕಿ ಸ್ಕ್ರೂವಿನಡಿ ಇಡುವ ವಾಡಿಕೆ ಒಳ್ಳೆಯದಲ್ಲ. ಬೆಸುಗೆ ಮೆದುವಾದ ಲೋಹವಾದುದರಿಂದ ಒತ್ತಡಕ್ಕೆ ನಿಧಾನವಾಗಿ ಜಾರಿ ಹಿಡಿತ ಸಡಿಲವಾಗುತ್ತದೆ. ಅದರ ಬದಲು ತುದಿಗೆ ಲೋಹದ ತೊಡುಗೆ ಹಾಕಿ ಇಕ್ಕಳದಿಂದ ಬಿಗಿಯಬೇಕು. ಮಳೆಗಾಲದ ಮೊದಲೊಮ್ಮೆ, ಅನಂತರವೊಮ್ಮೆ ಸ್ಕ್ರೂಗಳನ್ನೆಲ್ಲ ಬಿಗಿಮಾಡಿ ನೋಡುವುದು ಒಳ್ಳೆಯ ಪದ್ಧತಿ.

೨೩೦ ವೋಲ್ಟಿನ ಕೆಲಸವನ್ನು ಮಾತ್ರ ಪರವಾನಿಗೆಯುಳ್ಳ ವಯರ್‌ಮನ್ನನ ಕೈಗೇ ಒಪ್ಪಿಸತಕ್ಕದ್ದು. ಯಂತ್ರದ ಲೋಹದ ಚೌಕಟ್ಟಿಗೂ ಸಪ್ಲೈಯ ಹೊದಿಕೆಗೂ ಅರ್ಥಿಂಗ್ ತಂತಿ ಸೇರಿರಬೇಕು. ಅದಕ್ಕೆ ವಿದ್ಯುತ್ತು ಒದಗಿಸುವ ದಾರಿಯಲ್ಲಿ ೩೦ ಮಿಲಿ ಆಂಪಿಯರ್ ಸೋರಿದರೂ ಕಡಿದುಕೊಳ್ಳುವ ಸಾಧನವಿರಬೇಕು. ಇದರ ವೆಚ್ಚ ಕಂಡು ಹಿಂಜರಿಯುವವರು ಇಡೀ ಯಂತ್ರಕ್ಕೆ ಕೊಟ್ಟ ಬೆಲೆಯನ್ನು ನೆನೆಯಲಿ. ಅದನ್ನು ನಡೆಸುವ ಮಗುವಿನ ಮುಖವನ್ನೂ ನೆನೆಯಲಿ.

ಎಲ್ಲವೂ ಕೂಡಿದ ಮೇಲೆ ಮೊದಲ ಓಟ ಅಲಗಿಲ್ಲದೆ, ಹಲಗೆಯಿಲ್ಲದೆ ನಡೆಯಲಿ. ಮೋಟಾರುಗಳು ಬರಿಗಾಳಿಯಲ್ಲಿ ಚಿತ್ರ ಬರೆಯುತ್ತಿರುವಾಗ ನಡುವೆಯೇ ಕೆಂಪು ಗುಂಡಿಯನ್ನು ಒತ್ತಿ ನೋಡಬೇಕು. ತಟ್ಟನೆ ನಿಂತರೆ ಆ ಯಂತ್ರ ಕೆಲಸಕ್ಕೆ ಸಿದ್ಧವಾಯಿತು.